25 ನಿಮಿಷದಲ್ಲಿ ಒಂದು ಊಟ: ಚಿಕ್ಕ ವಿದೇಶಿ ಹಾರಾಟದ ಬಿಸಿನೆಸ್ ಕ್ಲಾಸ್ ಒಳಗೆ

ಪಕ್ಕದ ದೇಶಕ್ಕೆ ಹೊರಟಿದ್ದೀರಿ, ಒಂದು ಗಂಟೆಯ ದಾರಿ. ಆದರೂ ಮನಸ್ಸು ಮಾಡಿ ಬಿಸಿನೆಸ್ ಕ್ಲಾಸ್ ಟಿಕೆಟ್ ತಗೊಂಡಿದ್ದೀರಿ. ವಿಮಾನ ಏರಿದ ಸ್ವಲ್ಪ ಹೊತ್ತಿಗೆ ಟ್ರೇ ಬಂತು. ಅದರಲ್ಲಿ ತಣ್ಣಗಿನ ಒಂದು ತಟ್ಟೆ, ಒಂದು ಬನ್ನು, ಎರಡು ಚಮಚಕ್ಕೆ ಮುಗಿದುಹೋಗುವಷ್ಟು ಸಿಹಿ. ಬನ್ನಿಗೆ ಬೆಣ್ಣೆ ಹಚ್ಚಿ ನಾಲ್ಕು ತುತ್ತು ತಿಂದಿರಿ. ಕಾಫಿಗೆ ಇನ್ನೂ ಬಾಯಿ ಇಟ್ಟಿಲ್ಲ, ಆಗಲೇ ಗಗನಸಖಿ ಬಂದು "ಮುಗೀತಾ ಸರ್, ತೆಗೀಲಾ?" ಅಂತ ನಗುತ್ತಾ ನಿಂತರು. ಕಿಟಕಿಯಾಚೆ ನೋಡಿದರೆ ಊರಿನ ದೀಪಗಳು ಹತ್ತಿರ ಬಂದಿವೆ. ಇಷ್ಟಕ್ಕೇನಾ ಅಷ್ಟು ದುಡ್ಡು ಕೊಟ್ಟಿದ್ದು ಅಂತ ಅನ್ನಿಸದೇ ಇರುತ್ತದೆಯೇ?

ನನಗೂ ಅನ್ನಿಸಿದೆ. ಆಮೇಲೆ ಈ ಊಟದ ಹಿಂದಿನ ಲೆಕ್ಕ ಒಂದೊಂದಾಗಿ ಗೊತ್ತಾಗುತ್ತಾ ಬಂತು. ಸಿಟ್ಟು ಪೂರ್ತಿ ಹೋಗಲಿಲ್ಲ, ಆದರೆ ಅದನ್ನು ಯಾರ ಮೇಲೆ ತೋರಿಸಬೇಕು ಅನ್ನುವುದು ಬದಲಾಯಿತು. ಇಂಥ ಹಾರಾಟದಲ್ಲಿ ನಿಮ್ಮ ತಟ್ಟೆಗೆ ಏನು ಬೀಳಬೇಕು ಅಂತ ತೀರ್ಮಾನ ಮಾಡುವುದರಲ್ಲಿ ಬಾಣಸಿಗರ ಪಾಲು ಕಡಿಮೆ, ಗಡಿಯಾರದ ಪಾಲು ಜಾಸ್ತಿ.

ಟಿಕೆಟ್ಟಿನ ಗಂಟೆ ಬೇರೆ, ಊಟದ ಗಂಟೆ ಬೇರೆ

ಸಿಂಗಾಪುರದಿಂದ ಕೌಲಾಲಂಪುರಕ್ಕೆ ಹೋಗುವ ದಾರಿಯನ್ನೇ ನೋಡಿ. ಪ್ರಪಂಚದಲ್ಲಿ ಅತಿ ಹೆಚ್ಚು ವಿಮಾನಗಳು ಓಡಾಡುವ ಅಂತರರಾಷ್ಟ್ರೀಯ ದಾರಿಗಳಲ್ಲಿ ಅದೂ ಒಂದು. ದೂರ ಸುಮಾರು 300 ಕಿಲೋಮೀಟರ್. ಟಿಕೆಟ್ಟಿನಲ್ಲಿ ಒಂದು ಗಂಟೆ ಚಿಲ್ಲರೆ ಅಂತ ಬರೆದಿರುತ್ತದೆ. ಆದರೆ ಆ ಲೆಕ್ಕ ಶುರುವಾಗುವುದು ವಿಮಾನ ಗೇಟಿನಿಂದ ಹಿಂದಕ್ಕೆ ಸರಿದಾಗ, ಮುಗಿಯುವುದು ಆಚೆ ಊರಿನ ಗೇಟಿನಲ್ಲಿ ಬಂದು ನಿಂತಾಗ. ಇದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ರನ್‌ವೇ ತನಕ ನಿಧಾನಕ್ಕೆ ಉರುಳುವುದು, ಸಾಲಿನಲ್ಲಿ ಕಾಯುವುದು, ಇಳಿದ ಮೇಲೆ ಗೇಟು ಹುಡುಕಿಕೊಂಡು ಹೋಗುವುದು ಎಲ್ಲ ಅದರೊಳಗೇ ಬಂತು. ನಿಜವಾಗಿ ಗಾಳಿಯಲ್ಲಿ ಇರುವುದು ಮುಕ್ಕಾಲು ಗಂಟೆ.

ಆ ಮುಕ್ಕಾಲು ಗಂಟೆಯೂ ಊಟಕ್ಕೆ ಪೂರ್ತಿ ಸಿಗುವುದಿಲ್ಲ. ಏರುವಾಗ ಮೊದಲ ಕೆಲವು ನಿಮಿಷ ಸಿಬ್ಬಂದಿಯೂ ಬೆಲ್ಟ್ ಹಾಕಿಕೊಂಡು ತಮ್ಮ ಮಡಚುವ ಸೀಟಿನಲ್ಲಿ ಕೂತಿರಬೇಕು. ಎಷ್ಟೋ ಕಂಪನಿಗಳಲ್ಲಿ 10,000 ಅಡಿ ದಾಟಿದ ಮೇಲೆ ಟಿಂಗ್ ಅಂತ ಒಂದು ಸದ್ದು ಬರುತ್ತದೆ, ಆಗ ಏಳುತ್ತಾರೆ. ಇಳಿಯುವಾಗಲೂ ಅಷ್ಟೇ. ನೆಲ ಮುಟ್ಟಲು ಸುಮಾರು 10 ನಿಮಿಷ ಇರುವಾಗಲೇ ಕ್ಯಾಬಿನ್ ಸಿದ್ಧವಾಗಿರಬೇಕು. ಟ್ರೇ ಟೇಬಲ್ ಮಡಚಿರಬೇಕು, ಟ್ರಾಲಿಗಳು ತಮ್ಮ ಗೂಡು ಸೇರಿ ಚಿಲಕ ಬಿದ್ದಿರಬೇಕು, ಒಂದು ಗಾಜಿನ ಲೋಟವೂ ಹೊರಗಿರಬಾರದು. ಇಷ್ಟನ್ನೂ ಕಳೆದರೆ ಉಳಿಯುವುದು ಹೆಚ್ಚು ಕಡಿಮೆ 25 ನಿಮಿಷ. ನಡುವೆ ವಿಮಾನ ಕುಲುಕಾಡಿ ಪೈಲಟ್ ಎಲ್ಲರನ್ನೂ ಕೂರಿಸಿದರೆ ಅದೂ ಇಲ್ಲ.

ಈಗ ಆ 25 ನಿಮಿಷವನ್ನು ಹಂಚಿ ನೋಡೋಣ. ಎ320 ಥರದ ಒಂದೇ ನಡುದಾರಿಯ ವಿಮಾನ ಅಂತಿಟ್ಟುಕೊಳ್ಳಿ. ಮುಂದಿನ ಮೂರು ಸಾಲು ಬಿಸಿನೆಸ್ ಕ್ಲಾಸ್, ಸಾಲಿಗೆ ನಾಲ್ಕು ಜನ, ಒಟ್ಟು 12. ಪ್ರತಿ 50 ಸೀಟಿಗೆ ಒಬ್ಬರಾದರೂ ಕ್ಯಾಬಿನ್ ಸಿಬ್ಬಂದಿ ಇರಬೇಕು ಅನ್ನುವುದು ಬಹಳ ದೇಶಗಳಲ್ಲಿರುವ ಸುರಕ್ಷತೆಯ ನಿಯಮ. 180 ಸೀಟಿನ ವಿಮಾನಕ್ಕೆ ನಾಲ್ವರು ಸಾಕು. ಅವರಲ್ಲಿ ಮುಂದಿನ ಭಾಗಕ್ಕೆ ಸಿಗುವುದು ಒಬ್ಬರು, ಹೆಚ್ಚೆಂದರೆ ಇಬ್ಬರು. ಒಬ್ಬರೇ ಇದ್ದರೆ ಪ್ರತಿ ಪ್ರಯಾಣಿಕರ ಪಾಲಿಗೆ ಎರಡು ನಿಮಿಷ. ಆ ಎರಡು ನಿಮಿಷದಲ್ಲೇ ಏನು ಬೇಕು ಅಂತ ಕೇಳಬೇಕು, ಕುಡಿಯಲು ಕೊಡಬೇಕು, ಟ್ರೇ ತರಬೇಕು, ಬನ್ನಿನ ಬುಟ್ಟಿ ಹಿಡಿದು ಬರಬೇಕು, ಚಹಾ ಕಾಫಿ ಬಗ್ಗಿಸಬೇಕು, ಎಲ್ಲ ವಾಪಸ್ ಎತ್ತಬೇಕು. ಮನೆಯಲ್ಲಿ 12 ಜನ ನೆಂಟರಿಗೆ ಒಬ್ಬರೇ ಬಡಿಸಿ, ಎಲೆಯನ್ನೂ ಎತ್ತಿ, ಅರ್ಧ ಗಂಟೆಯೊಳಗೆ ಮುಗಿಸಿದ ಹಾಗೆ. ಅದೂ ಓರೆಯಾಗಿರುವ ಮನೆಯಲ್ಲಿ!

ಓರೆ ಅಂದಿದ್ದು ಸುಮ್ನೆ ಅಲ್ಲ. ಇಷ್ಟು ಚಿಕ್ಕ ದಾರಿಯಲ್ಲಿ ವಿಮಾನ ಮೇಲೆ ನೆಟ್ಟಗೆ ಹಾರುವುದು ಕೆಲವೇ ನಿಮಿಷ. ಉಳಿದದ್ದೆಲ್ಲ ಏರು, ಇಲ್ಲವೇ ಇಳಿಜಾರು. ಮೂತಿ ಮೇಲೆತ್ತಿದ ವಿಮಾನದಲ್ಲಿ ತುಂಬಿದ ಟ್ರಾಲಿ ತಳ್ಳುವುದು ದಿಬ್ಬದ ಮೇಲೆ ಕೈಗಾಡಿ ತಳ್ಳಿದ ಹಾಗೆಯೇ. ದೊಡ್ಡ ಟ್ರಾಲಿ ಪೂರ್ತಿ ತುಂಬಿದರೆ ನೂರು ಕಿಲೋ ಹತ್ತಿರ ತೂಗಬಹುದು. ಅದರ ಬುಡದಲ್ಲಿ ಕೆಂಪು, ಹಸಿರು ಪೆಡಲ್ ಇರುತ್ತವೆ: ಕೆಂಪು ತುಳಿದರೆ ಬ್ರೇಕ್, ಹಸಿರು ತುಳಿದರೆ ಬಿಡುಗಡೆ. ಚಿಕ್ಕ ಹಾರಾಟದ ಬಿಸಿನೆಸ್ ಕ್ಲಾಸಿನಲ್ಲಿ ಎಷ್ಟೋ ಸಲ ಟ್ರಾಲಿಯನ್ನೇ ಹೊರಗೆ ತೆಗೆಯುವುದಿಲ್ಲ, ಟ್ರೇಗಳನ್ನು ಕೈಯಲ್ಲೇ ತಂದು ಕೊಡುತ್ತಾರೆ. ನೋಡುವವರಿಗೆ ಅದು ಮರ್ಯಾದೆಯ ಹಾಗೆ ಕಾಣುತ್ತದೆ. ಮರ್ಯಾದೆಯೂ ಹೌದು. ಮೂರೇ ಸಾಲಿಗೆ ಅದೇ ಬೇಗ ಅನ್ನುವುದೂ ಹೌದು.

ಬಿಸಿಯೋ ತಣ್ಣಗೋ

ವಿಮಾನದಲ್ಲಿ ಅಡುಗೆ ಮಾಡುವುದಿಲ್ಲ, ಬಿಸಿ ಮಾಡುತ್ತಾರೆ. ಅಡುಗೆ ಆಗುವುದು ನಿಲ್ದಾಣದ ಅಕ್ಕಪಕ್ಕದ ದೊಡ್ಡ ಅಡುಗೆಮನೆಗಳಲ್ಲಿ. ಗೇಟ್ ಗೌರ್ಮೆ, ಎಲ್‌ಎಸ್‌ಜಿ ಸ್ಕೈ ಶೆಫ್ಸ್, ಡೋ ಅಂಡ್ ಕೋ ಇವೆಲ್ಲ ಇದೇ ಕೆಲಸದ ದೊಡ್ಡ ಕಂಪನಿಗಳು. ಬೇಯಿಸಿದ್ದನ್ನು ಒಡನೆಯೇ ಜೋರು ತಣ್ಣನೆ ಗಾಳಿಗೆ ಒಡ್ಡಿ 5 ಡಿಗ್ರಿ ಆಸುಪಾಸಿಗೆ ಇಳಿಸುತ್ತಾರೆ. ಉಗುರು ಬೆಚ್ಚಗಿನ ಆಹಾರದಲ್ಲಿ ರೋಗಾಣು ಬೇಗ ಬೆಳೆಯುತ್ತವೆ, ಅದಕ್ಕೇ ಈ ಅವಸರ. ಅಲ್ಲಿಂದ ತಟ್ಟೆಗೆ, ಟ್ರೇಗೆ, ಟ್ರಾಲಿಗೆ, ಲಾರಿಗೆ. ಲಾರಿಯ ಡಬ್ಬ ಕತ್ತರಿ ಕಾಲಿನ ಮೇಲೆ ಎದ್ದು ವಿಮಾನದ ಬಾಗಿಲಿಗೆ ಸಮನಾಗಿ ನಿಲ್ಲುವುದನ್ನು ನೀವು ಕಿಟಕಿಯಿಂದ ನೋಡಿರಬಹುದು.

ವಿಮಾನದ ಅಡುಗೆ ಮೂಲೆಗೆ ಗ್ಯಾಲಿ ಅನ್ನುತ್ತಾರೆ. ಎ320ಯ ಮುಂದಿನ ಗ್ಯಾಲಿ ಒಂದು ಬಟ್ಟೆ ಬೀರುವಿನಷ್ಟು ಜಾಗ. ಒಂದು ಪಕ್ಕ ಕಾಕ್‌ಪಿಟ್ ಬಾಗಿಲು, ಇನ್ನೊಂದು ಪಕ್ಕ ಶೌಚಾಲಯ. ಅಲ್ಲಿರುವ ಒಂದೆರಡು ಓವನ್‌ನಲ್ಲಿ ನಿಮ್ಮ ಊಟದ ಜೊತೆ ಪೈಲಟ್‌ಗಳ ಊಟಕ್ಕೂ ಜಾಗ ಬೇಕು. (ಇಬ್ಬರು ಪೈಲಟ್‌ಗಳೂ ಒಂದೇ ಅಡುಗೆ ತಿನ್ನಬಾರದು ಅಂತ ಎಷ್ಟೋ ಕಂಪನಿಗಳಲ್ಲಿ ಪದ್ಧತಿ ಇದೆ. ಕೆಟ್ಟಿದ್ದರೆ ಇಬ್ಬರೂ ಒಟ್ಟಿಗೆ ಮಲಗಬಾರದಲ್ಲ.) ತಣ್ಣಗಿರುವ ಊಟ ಒಳಗಿನ ತನಕ ಬಿಸಿಯಾಗಲು ಈ ಓವನ್‌ಗೆ 20 ನಿಮಿಷವಾದರೂ ಬೇಕು. ಮನೆಯ ಮೈಕ್ರೋವೇವ್ ಹಾಗೆ ಎರಡು ನಿಮಿಷದ ಆಟ ಇಲ್ಲಿಲ್ಲ. ಇದು ಬಿಸಿ ಗಾಳಿ ಅಥವಾ ಹಬೆ ಸುತ್ತಿಸಿ ಬಿಸಿ ಮಾಡುವ ಯಂತ್ರ.

ಲೆಕ್ಕ ಇಲ್ಲೇ ಕೂತಿದೆ, ನೋಡಿ. ಇರುವುದೇ 25 ನಿಮಿಷ, ಓವನ್‌ಗೇ 20 ಹೋದರೆ ತಿನ್ನಲು ಉಳಿಯುವುದು ಎಷ್ಟು? ಕೆಲವು ಕಡೆ ವಿಮಾನ ನೆಲ ಬಿಡುವ ಮುಂಚೆಯೇ ಬಿಸಿಗೆ ಇಡುವುದುಂಟು. ಆದರೆ ಹೊರಡುವುದು ತಡವಾಗಿ ರನ್‌ವೇ ಪಕ್ಕ ಅರ್ಧ ಗಂಟೆ ಕಾಯಬೇಕಾಗಿ ಬಂದರೆ ಅನ್ನ ಗಟ್ಟಿ, ಸಾರು ಕೆನೆ. ಅವಸರದಲ್ಲಿ ಬಿಸಿ ಮಾಡಿದ್ದರ ಕಥೆಯೂ ಗೊತ್ತಲ್ಲ, ಅಂಚು ನಾಲಿಗೆ ಸುಡುತ್ತದೆ, ನಡುವೆ ಚಮಚ ಇಟ್ಟರೆ ತಣ್ಣಗೆ. ನನಗೊಮ್ಮೆ ಹೀಗೆ ಬಂದಿತ್ತು. ವಾಪಸ್ ಕೊಟ್ಟರೆ ಮತ್ತೆ ಬಿಸಿಯಾಗಿ ಬರುವಷ್ಟರಲ್ಲಿ ಇಳಿಯುವ ಹೊತ್ತು. ಸುತ್ತಲಿನದನ್ನಷ್ಟೇ ತಿಂದು ನಡುವಿನದನ್ನು ಬಿಟ್ಟೆ.

ಹಾಗಾಗಿ ಚಿಕ್ಕ ದಾರಿಗೆ ತಣ್ಣಗಿನ ತಟ್ಟೆಯೇ ಜಾಣತನ. ಚೆನ್ನಾಗಿ ಮಾಡಿದ ತಣ್ಣಗಿನ ತಟ್ಟೆ, ಕೆಟ್ಟದಾಗಿ ಬಿಸಿ ಮಾಡಿದ ಊಟಕ್ಕಿಂತ ಎಷ್ಟೋ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಬಿಸಿ ಊಟ ಸಿಕ್ಕರೇ ಬಿಸಿನೆಸ್ ಕ್ಲಾಸ್ ಅನ್ನುವವರು ಒಪ್ಪಲಿಕ್ಕಿಲ್ಲ, ಇರಲಿ. ಕಂಪನಿಗಳು ತಮ್ಮ ದಾರಿಗಳನ್ನು ಹಾರುವ ಹೊತ್ತಿನ ಮೇಲೆ ಗುಂಪು ಮಾಡಿಕೊಂಡಿರುತ್ತವೆ. ತೀರಾ ಚಿಕ್ಕದಕ್ಕೆ ತಿಂಡಿ, ಆಮೇಲಿನದಕ್ಕೆ ತಣ್ಣಗಿನ ತಟ್ಟೆ, ಸುಮಾರು ಎರಡು ಗಂಟೆ ಮುಟ್ಟುವಾಗ ಬಿಸಿ ಊಟ, ಇನ್ನೂ ಉದ್ದಕ್ಕೆ ಎರಡು ಮೂರು ಬಗೆಯಲ್ಲಿ ಆರಿಸಿಕೊಳ್ಳುವ ಅವಕಾಶ. ಗೆರೆ ಎಲ್ಲಿ ಅನ್ನುವುದು ಕಂಪನಿಗೊಂದು ಥರ. ಹಾರುವ ಹೊತ್ತು 10 ನಿಮಿಷ ಹೆಚ್ಚಿದ್ದ ಮಾತ್ರಕ್ಕೆ ಪಕ್ಕದ ಊರಿನ ವಿಮಾನಕ್ಕೆ ಬಿಸಿ ಊಟ, ನಿಮ್ಮದಕ್ಕೆ ಬನ್ನು ಅನ್ನುವುದೂ ಆಗುತ್ತದೆ.

ಎಲ್ಲವನ್ನೂ ಒಂದೇ ಟ್ರೇಯಲ್ಲಿ ಕೊಡುವುದೂ ಇದೇ ಕಾರಣಕ್ಕೆ. ದೂರದ ಹಾರಾಟದಲ್ಲಿ ಮೊದಲು ಸಾಲಡ್, ಆಮೇಲೆ ಊಟ, ಕೊನೆಗೆ ಸಿಹಿ ಅಂತ ಒಂದೊಂದಾಗಿ ತರುತ್ತಾರೆ. ಒಂದೊಂದು ಸುತ್ತಿಗೂ ಕೊಡುವುದು ಒಂದು ನಡಿಗೆ, ಎತ್ತುವುದು ಒಂದು ನಡಿಗೆ. 25 ನಿಮಿಷದಲ್ಲಿ ಅದು ಆಗದ ಮಾತು.

ಊಟದ ಅಳತೆಯ ಮೇಲೆ ಜಗಳ ಆಗಿದ್ದೂ ಇದೆ ಅಂದರೆ ನಂಬುತ್ತೀರಾ? 1950ರ ದಶಕದಲ್ಲಿ ಟಿಕೆಟ್ ದರ, ಕೊಡುವ ತಿಂಡಿ ಎಲ್ಲವನ್ನೂ ಐಯಾಟಾ ಅನ್ನುವ ವಿಮಾನ ಕಂಪನಿಗಳ ಸಂಘವೇ ನಿಗದಿ ಮಾಡುತ್ತಿತ್ತು. ಅಟ್ಲಾಂಟಿಕ್ ದಾಟುವ ಅಗ್ಗದ ಟಿಕೆಟ್ಟಿಗೆ ಬರೀ ಸ್ಯಾಂಡ್‌ವಿಚ್ ಕೊಡಬೇಕು ಅಂತ ಒಪ್ಪಂದವಾಗಿತ್ತು. ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಕಂಪನಿ ಬ್ರೆಡ್ಡಿನ ಮೇಲೆ ಮಾಂಸ, ತರಕಾರಿ ಎಲ್ಲ ಪೇರಿಸಿ, ಇದೂ ಸ್ಯಾಂಡ್‌ವಿಚ್ಚೇ ಅಂದಿತು. ಅಮೆರಿಕದ ಪ್ಯಾನ್ ಆಮ್ ಕಂಪನಿ ದೂರು ಕೊಟ್ಟಿತು. 1958ರಲ್ಲಿ ಈ ಪಂಚಾಯ್ತಿ ನಡೆದು ಎಸ್‌ಎಎಸ್‌ಗೆ 20,000 ಡಾಲರ್ ದಂಡ ಬಿತ್ತು. ಈಗ ಅಂಥ ಕಟ್ಟುಪಾಡು ಇಲ್ಲ, ಯಾರು ಏನು ಬೇಕಾದರೂ ಕೊಡಬಹುದು. ಆದರೂ ಎಷ್ಟು ಕೊಟ್ಟರೆ ಅದು ಊಟ, ಎಷ್ಟು ಕೊಟ್ಟರೆ ತಿಂಡಿ ಅನ್ನುವ ಚೌಕಾಶಿ ನಿಂತಿಲ್ಲ. ಈಗ ಅದು ಕಂಪನಿಯ ಒಳಗೇ ನಡೆಯುತ್ತದೆ, ಅಷ್ಟೇ.

ಬೆಳಿಗ್ಗೆ ಏರಿಸಿದ ರಾತ್ರಿಯ ಊಟ

ಚಿಕ್ಕ ಹಾರಾಟಕ್ಕೆ ಇನ್ನೊಂದು ಗುಟ್ಟಿದೆ. ಹೋಗುವಾಗಿನ ಊಟ ಚೆನ್ನಾಗಿತ್ತು, ಬರುವಾಗಿನದು ಸಪ್ಪೆ ಅನ್ನಿಸಿದ್ದುಂಟಾ? ಎರಡೂ ಒಂದೇ ಅಡುಗೆಮನೆಯದ್ದಾಗಿರಬಹುದು, ಒಂದೇ ಹೊತ್ತಿಗೆ ವಿಮಾನ ಏರಿದ್ದೂ ಇರಬಹುದು. ತನ್ನ ಮೂಲ ನಿಲ್ದಾಣದಲ್ಲೇ ವಾಪಸ್ ಪ್ರಯಾಣದ ಊಟವನ್ನೂ ತುಂಬಿಕೊಂಡು ಹೋಗುವುದು ಚಿಕ್ಕ ದಾರಿಗಳಲ್ಲಿ ಮಾಮೂಲಿ. ಆಚೆ ಊರಿನಲ್ಲಿ ವಿಮಾನ ನಿಲ್ಲುವುದು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ. ಅಷ್ಟರಲ್ಲಿ ಊಟದ ಲಾರಿ ಬರದಿದ್ದರೆ ವಿಮಾನವೇ ತಡ. ಅಲ್ಲಿನ ಅಡುಗೆಮನೆಗೆ ಬೇರೆ ಒಪ್ಪಂದ, ಬೇರೆ ತಪಾಸಣೆ, ಬೇರೆ ಖರ್ಚು. ಅದಕ್ಕಿಂತ ಇನ್ನೊಂದು ಟ್ರಾಲಿ ಹೊತ್ತುಕೊಂಡು ಹೋಗುವುದೇ ಸಲೀಸು. ತಂಪು ಉಳಿಯಲು ಟ್ರಾಲಿಯೊಳಗೆ ಡ್ರೈ ಐಸ್ ಇಡುತ್ತಾರೆ. ಊಟ ಕೆಡುವುದಿಲ್ಲ, ನಿಜ. ಆದರೆ ಎಲೆ ತರಕಾರಿಗೆ, ಬನ್ನಿಗೆ ಆ ಕೆಲವು ಗಂಟೆಗಳ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಸೊಪ್ಪು ಬಾಡುತ್ತದೆ, ಬನ್ನು ಬೆಂಡಾಗುತ್ತದೆ.

ಎಣಿಸಿ ಎಣಿಸಿ ಊಟ ತುಂಬುವುದಕ್ಕೂ ಕಾರಣವಿದೆ. ಗಡಿ ದಾಟಿದ ಊಟ ಉಳಿದರೆ ಅದನ್ನು ಯಾರಿಗೂ ಕೊಡುವ ಹಾಗಿಲ್ಲ. ಪ್ರಾಣಿರೋಗ, ಬೆಳೆರೋಗ ಆಹಾರದ ಜೊತೆ ಒಳಗೆ ಬರಬಾರದು ಅಂತ ಬಹಳ ದೇಶಗಳು ಬಿಗಿ ಮಾಡಿವೆ. ಐರೋಪ್ಯ ಒಕ್ಕೂಟದಲ್ಲಂತೂ ಹೊರದೇಶದಿಂದ ಬಂದ ವಿಮಾನದ ಉಳಿಕೆ ಊಟವನ್ನು ಸುಡಬೇಕು, ಇಲ್ಲವೇ ಗೊತ್ತುಪಡಿಸಿದ ಜಾಗದಲ್ಲಿ ಆಳವಾಗಿ ಹೂಳಬೇಕು. ಮುಚ್ಚಳ ತೆಗೆಯದ ತಟ್ಟೆಯೂ ಕಸವೇ! ಹಾಗಾಗಿ 12 ಜನ ಇದ್ದರೆ 12 ಊಟ, ಹೆಚ್ಚೆಂದರೆ ಒಂದೋ ಎರಡೋ ಜಾಸ್ತಿ. ಮೂರನೇ ಸಾಲಿನಲ್ಲಿ ಕೂತವರಿಗೆ "ಸಾರಿ, ಆ ಬಗೆ ಮುಗೀತು" ಅನ್ನುವ ಮಾತು ಬರುವುದು ಇದರಿಂದಲೇ.

ಇದಕ್ಕೆ ಸುಲಭದ ಮದ್ದು ಮೊದಲೇ ಹೇಳಿಬಿಡುವುದು. ವಿಶೇಷ ಊಟಗಳಿಗೆ ನಾಲ್ಕಕ್ಷರದ ಗುರುತುಗಳಿವೆ, ಹೆಚ್ಚು ಕಡಿಮೆ ಎಲ್ಲ ಕಂಪನಿಗಳಲ್ಲೂ ಅವೇ. ಎವಿಎಂಎಲ್ ಅಂದರೆ ಏಷ್ಯಾ ಶೈಲಿಯ ಸಸ್ಯಾಹಾರ, ವಿಜಿಎಂಎಲ್ ಅಂದರೆ ಹಾಲು ಮೊಟ್ಟೆಯೂ ಇಲ್ಲದ ಸಸ್ಯಾಹಾರ, ಡಿಬಿಎಂಎಲ್ ಸಕ್ಕರೆ ಕಾಯಿಲೆಯವರಿಗೆ. ಸಾಮಾನ್ಯವಾಗಿ ಹೊರಡುವ 24 ಗಂಟೆ ಮುಂಚೆ ಹೇಳಿರಬೇಕು. ಇದರಲ್ಲೊಂದು ಲಾಭವೂ ಇದೆ, ವಿಶೇಷ ಊಟದ ಟ್ರೇ ಎಷ್ಟೋ ಸಲ ಎಲ್ಲರಿಗಿಂತ ಮೊದಲು ಬರುತ್ತದೆ. 25 ನಿಮಿಷದ ಲೆಕ್ಕದಲ್ಲಿ ಐದು ನಿಮಿಷ ಮೊದಲು ಸಿಗುವುದು ಸಣ್ಣ ಮಾತಲ್ಲ. ಒಂದೇ ಎಚ್ಚರಿಕೆ: ತೀರಾ ಚಿಕ್ಕ ದಾರಿಗಳಲ್ಲಿ ಕೆಲವು ಕಂಪನಿಗಳು ವಿಶೇಷ ಊಟವನ್ನೇ ಇಟ್ಟಿರುವುದಿಲ್ಲ, ಟಿಕೆಟ್ ಮಾಡುವಾಗ ನೋಡಿಕೊಳ್ಳಬೇಕು.

ರುಚಿಯ ವಿಷಯಕ್ಕೆ ಬಂದರೆ, ವಿಮಾನದ ಊಟ ಸಪ್ಪೆ ಏಕೆ ಅಂತ ಕೇಳಿದವರಿಗೆ ಕಂಪನಿಗಳ ಬಳಿ ಒಂದು ಒಳ್ಳೆಯ ಉತ್ತರವಿದೆ. ಲುಫ್ತಾನ್ಸ ಕಂಪನಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಿಂದ ಒಂದು ಪರೀಕ್ಷೆ ಮಾಡಿಸಿತ್ತು. ನಿಜವಾದ ವಿಮಾನದ ತುಂಡೊಂದನ್ನು ಕೊಳವೆಯೊಳಗೆ ಇಟ್ಟು, ಗಾಳಿಯ ಒತ್ತಡ ಇಳಿಸಿ, ಜನರಿಗೆ ಊಟ ಕೊಟ್ಟು ನೋಡಿದರು. ಉಪ್ಪಿನ ರುಚಿ 20ರಿಂದ 30 ಶೇಕಡ, ಸಿಹಿ 15ರಿಂದ 20 ಶೇಕಡ ಮಂಕಾಗುತ್ತದೆ ಅಂತ ಗೊತ್ತಾಯಿತು. ಕ್ಯಾಬಿನ್ ಗಾಳಿಗೆ ಪಸೆಯೇ ಇರುವುದಿಲ್ಲ, ಮೂಗು ಒಣಗುತ್ತದೆ, ವಾಸನೆ ಹತ್ತದಿದ್ದರೆ ರುಚಿ ಎಲ್ಲಿಂದ? ಅದರ ಮೇಲೆ ಎಂಜಿನ್ ಸದ್ದು. ಜೋರು ಸದ್ದಿನಲ್ಲಿ ಸಿಹಿ ಕಮ್ಮಿ ಅನ್ನಿಸಿ, ಟೊಮ್ಯಾಟೊ, ಅಣಬೆಗಳಲ್ಲಿರುವ ಉಮಾಮಿ ರುಚಿ ಎದ್ದು ಕಾಣುತ್ತದೆ ಅಂತ ಕಾರ್ನೆಲ್ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದರು. ನೆಲದ ಮೇಲೆ ಮುಟ್ಟದವರೂ ವಿಮಾನದಲ್ಲಿ ಟೊಮ್ಯಾಟೊ ಜ್ಯೂಸ್ ಕೇಳಿ ಕುಡಿಯುವುದು ಇದಕ್ಕೇ ಇರಬೇಕು.

ಆದರೆ ಚಿಕ್ಕ ಹಾರಾಟದಲ್ಲಿ ಈ ನೆಪ ಅಷ್ಟಾಗಿ ನಡೆಯುವುದಿಲ್ಲ ಅನ್ನುವುದು ನನ್ನ ತಕರಾರು. ಹತ್ತು ಗಂಟೆ ಒಣ ಗಾಳಿಯಲ್ಲಿ ಕೂತವರ ಮೂಗಿಗೂ ಅರ್ಧ ಗಂಟೆ ಕೂತವರ ಮೂಗಿಗೂ ವ್ಯತ್ಯಾಸ ಇರುತ್ತದೆ. ಚಿಕ್ಕ ದಾರಿಯ ವಿಮಾನ ಅಷ್ಟು ಮೇಲಕ್ಕೆ ಹೋಗುವುದೂ ಇಲ್ಲ, ಹಾಗಾಗಿ ಕ್ಯಾಬಿನ್ ಒತ್ತಡವೂ ಅಷ್ಟು ಇಳಿದಿರುವುದಿಲ್ಲ. ಸದ್ದನ್ನು ಮಾತ್ರ ಒಪ್ಪಬಹುದು. ಚಹಾ ಚೆನ್ನಾಗಿಲ್ಲದಿದ್ದರೂ ಒಪ್ಪಬಹುದು. ಕ್ಯಾಬಿನ್ ಒತ್ತಡ 8,000 ಅಡಿ ಬೆಟ್ಟದ ಮೇಲಿನಷ್ಟಿದ್ದಾಗ ನೀರು 92 ಡಿಗ್ರಿಗೇ ಕುದಿಯುತ್ತದೆ, ಎಲೆ ಸರಿಯಾಗಿ ಬಿಡುವುದಿಲ್ಲ. ಹಾರಾಟ ತಗ್ಗಿನಲ್ಲಿದ್ದಷ್ಟೂ ಚಹಾ ವಾಸಿ. ಸಪ್ಪೆ ಸಾಲಡ್ಡಿಗೆ ಮಾತ್ರ ಆಕಾಶವನ್ನು ಬೈಯುವ ಹಾಗಿಲ್ಲ.

ಹಾಗಾದರೆ ದುಡ್ಡು ಹೋಗುವುದು ಎಲ್ಲಿಗೆ? ಯುರೋಪಿನ ಒಳಗಿನ ವಿಮಾನಗಳಲ್ಲಿ ಬಿಸಿನೆಸ್ ಕ್ಲಾಸ್ ಸೀಟು ಅಂದರೆ ಹಿಂದಿನ ಎಕಾನಮಿ ಸೀಟೇ, ನಡುವಿನದನ್ನು ಖಾಲಿ ಬಿಡುತ್ತಾರೆ. ಅದರ ಮೇಲೆ ಒಂದು ಪುಟ್ಟ ಮಣೆ. ಹಿಂದೆ ಒಂದು ಪರದೆ, ಅದನ್ನು ಆ ದಿನದ ಬುಕಿಂಗ್ ನೋಡಿ ಮುಂದಕ್ಕೋ ಹಿಂದಕ್ಕೋ ಸರಿಸುತ್ತಾರೆ. ಬೆಳಿಗ್ಗೆ ಬಿಸಿನೆಸ್ ಆಗಿದ್ದ ಐದನೇ ಸಾಲು ಮಧ್ಯಾಹ್ನ ಎಕಾನಮಿ! ಕಾಲು ಚಾಚುವ ಜಾಗ ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ಈ ಟಿಕೆಟ್ ಕೊಳ್ಳುವವರಲ್ಲಿ ದೊಡ್ಡ ಪಾಲು ಆ ಒಂದು ಗಂಟೆಗಾಗಿ ಕೊಂಡವರಲ್ಲ. ಮುಂದೆ ಹತ್ತು ಗಂಟೆ ಹಾರಲಿಕ್ಕಿದೆ, ಅದರ ಬಿಸಿನೆಸ್ ಟಿಕೆಟ್ಟಿನ ಮೊದಲ ತುಂಡು ಇದು. ಉಳಿದವರು ಕೊಳ್ಳುವುದು ದಿನ ಬದಲಾಯಿಸುವ ಸ್ವಾತಂತ್ರ್ಯ, ಜಾಸ್ತಿ ಲಗೇಜು, ಚಿಕ್ಕ ಸರದಿ, ನಿಲ್ದಾಣದಲ್ಲಿ ಕೂತು ತಿನ್ನಲು ಕಾಯಲು ಇರುವ ಲೌಂಜು. ಹಾಗೆ ನೋಡಿದರೆ ನಿಮ್ಮ ನಿಜವಾದ ಊಟ ಲೌಂಜಿನಲ್ಲಿದೆ. ಅಲ್ಲಿ ಯಾರೂ ಗಡಿಯಾರ ನೋಡುತ್ತಾ ತಟ್ಟೆ ಎತ್ತಲು ಬರುವುದಿಲ್ಲ.

ಕೆಲವು ದಾರಿಗಳಲ್ಲಿ ಮಾತ್ರ ಅದೃಷ್ಟ ಖುಲಾಯಿಸುತ್ತದೆ. ದೂರದಿಂದ ಬಂದ ದೊಡ್ಡ ವಿಮಾನ ಒಂದು ಊರಿನಲ್ಲಿ ನಿಂತು ಮುಂದಿನ ದೇಶಕ್ಕೆ ಸಣ್ಣದೊಂದು ಹಾರಾಟ ಮಾಡುವುದುಂಟು, ಆ ತುಂಡಿಗಷ್ಟೇ ಟಿಕೆಟ್ ಕೂಡ ಮಾರುತ್ತಾರೆ. ಆಮ್‌ಸ್ಟರ್‌ಡ್ಯಾಮ್‌ನಿಂದ ಹೊರಟ ಕೆಎಲ್‌ಎಂ ಸಿಂಗಾಪುರ ಮುಟ್ಟಿ ಬಾಲಿಗೆ, ದುಬೈನಿಂದ ಹೊರಟ ಎಮಿರೇಟ್ಸ್ ಸಿಡ್ನಿ ಮುಟ್ಟಿ ಕ್ರೈಸ್ಟ್‌ಚರ್ಚ್‌ಗೆ ಹಾರಿಸಿದ ಹಾಗೆ. ಎರಡು ಮೂರು ಗಂಟೆಯ ದಾರಿಗೆ ಉದ್ದಕ್ಕೆ ಮಲಗುವ ಸೀಟು, ಸಾಲಾಗಿ ಓವನ್ ಇರುವ ಗ್ಯಾಲಿ, ಜಾಸ್ತಿ ಸಿಬ್ಬಂದಿ. ಟಿಕೆಟ್ ಮಾಡುವಾಗ ಊಟದ ಪಟ್ಟಿ ಹುಡುಕುವ ಬದಲು ಯಾವ ವಿಮಾನ, ಬ್ಲಾಕ್ ಟೈಮ್ ಎಷ್ಟು, ಹೊರಡುವುದು ಆ ಕಂಪನಿಯ ಮೂಲ ನಿಲ್ದಾಣದಿಂದಲೋ ಅಲ್ಲವೋ ಇಷ್ಟು ನೋಡಿದರೆ ತಟ್ಟೆಯಲ್ಲಿ ಏನಿರುತ್ತದೆ ಅಂತ ಬಹುಮಟ್ಟಿಗೆ ಹೇಳಬಹುದು.

ನಾನಂತೂ ಈಗ ಲೌಂಜಿನಲ್ಲಿ ಉಂಡೇ ಹತ್ತುತ್ತೇನೆ. ಟ್ರೇ ಬಂದ ಕೂಡಲೇ ಚಹಾವನ್ನೂ ಜೊತೆಗೇ ಕೇಳಿಬಿಡುತ್ತೇನೆ, ಎರಡನೇ ಸುತ್ತಿಗೆ ಕಾಯುವುದಿಲ್ಲ. ತಟ್ಟೆ ಎತ್ತಲು ಬಂದಾಗ ಟ್ರೇ ಪೂರ್ತಿ ಕೊಟ್ಟು ಸಿಹಿಯ ಪುಟ್ಟ ಬಟ್ಟಲನ್ನು ಮಾತ್ರ ಕೈಯಲ್ಲಿ ಉಳಿಸಿಕೊಳ್ಳುತ್ತೇನೆ. ಕೊನೆಯ ಸಲ ಲೋಟ ಕಲೆಹಾಕಲು ಬರುವ ತನಕ ಅದಕ್ಕೆ ಇನ್ನೂ ನಾಲ್ಕು ನಿಮಿಷ ಸಿಗುತ್ತದೆ.